ಕಿಟಕಿಯ ಪರದೆ

ಕುದುರೆಯ ಬಲಗಣ್ಣೂ ಸೋರತೊಡಗಿದ ದಿನ ಪುಟ್ಟಸಿದ್ದಯ್ಯ ಉಣ್ಣಲಿಲ್ಲ.

ಎಡಗಣ್ಣನ್ನು ಹೋದ ಬೇಸಿಗೆಯೇ ನೊಣಗಳು ತಿಂದುಹಾಕಿದ್ದವು. ಕೀವಿನ ಮೇಲೆ ಕೂತು, ಮೊಟ್ಟೆಯಿಟ್ಟು, ಹುಳುವಾಗಿ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಹನ್ನೊಂದು ವರ್ಷ ಅವನ ಜಟಕಾ ಎಳೆದ ಬಿಳಿ ಹೆಣ್ಣುಕುದುರೆ ಅದು. ಈಗ ಕೊಟ್ಟಿಗೆಯಲ್ಲಿ ನಿಂತು ಬಾಲ ಬೀಸುವುದೊಂದೇ ಕೆಲಸ. ಉಳಿದ ಕಣ್ಣೂ ಹೋದರೆ ಅವನ ನೆರಳನ್ನೂ ಅದು ಗುರುತಿಸಲಾರದು.

ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನೊಣ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಕೊಟ್ಟಿಗೆಗೂ ಸೊಸೆ ಮಾಲಿನಿಯ ರೇಷ್ಮೆಹುಳದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಹೆಂಚಿನವರೆಗೆ ಮುಟ್ಟದ್ದು; ಮೇಲಿನ ಸಂದಿಗೆ ಬಿಗಿದ ಬಲೆ ನೊಣ ತಡೆದೀತು, ಹೊಗೆಯನ್ನಲ್ಲ.

"ಒಗೆ ಗಿಗೆ ಆಕ್ಬುಟ್ಟೀರಿ ಮಾವ," ಎಂದಳು ಮಾಲಿನಿ. "ಉಳ ಪೊರೆ ಬುಡಾಕೆ ನಾಕ್ನೇ ಜ್ವರುಕ್ಕೆ ಕೂತವೆ. ಗಾಟು ತಾಕುದ್ರೆ ತಟ್ಟೆ ತಟ್ಟೇನೇ ಸತ್ತೋಯ್ತವೆ."

"ಒಂದ್ಗಳಿಗೆ ಕಣವ್ವ."

"ಸಾಯಾಕೆ ಅಷ್ಟೇ ಸಾಕು."

ಕುದುರೆಯ ಕಣ್ಣಿನ ಸುತ್ತ ಹೊಂಗೆಣ್ಣೆ ಬಳಿದ, ಬೆವರಿಗೆ ಇಳಿದುಹೋಯಿತು. ಹಣೆಗೆ ದಾರದ ಕುಚ್ಚು ಕಟ್ಟಿದ. ನೊಣಗಳು ಕುಚ್ಚಿನೊಳಗೇ ನುಸುಳಿ ಕೂತವು. ಪಕ್ಕದ ಮನೆಯ ಸದಾಶಿವಪ್ಪ ಬೇಲಿಯಾಚೆಯಿಂದ ನಕ್ಕ. "ಏನ್ಲಾ, ಮುದ್ಕಿಗೆ ಬಾಸಿಂಗ ಕಟ್ಟಿದ್ದೀಯೆ! ಗಂಡು ಯಾವೂರ್ದ್ಲಾ?"

ಪುಟ್ಟಸಿದ್ದಯ್ಯ ಕುಚ್ಚು ಬಿಚ್ಚಿ ಬಿಸಾಡಿದ.

ಹುಳದ ಮನೆಯ ಕಿಟಕಿಗೆ ಹಸಿರು ನೈಲಾನ್ ಪರದೆಯಿತ್ತು, ಊಜಿ ನೊಣ ಒಳಗೆ ಬರದಂತೆ. ಊಜಿ ಒಮ್ಮೆ ರೇಷ್ಮೆಹುಳದ ಮೈಮೇಲೆ ಮೊಟ್ಟೆಯಿಟ್ಟರೆ ಆ ಹುಳ ಗೂಡು ಕಟ್ಟುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ಜೀವಮಾನವಿಡೀ ಕುದುರೆಯ ನೊಣ ಕಂಡವನು ಅವನು. ನೊಣ ಬರುವುದು ಬೆವರಿಗೆ, ಗಾಯಕ್ಕೆ. ಜ್ವರಕ್ಕೆ ಕೂತ ಹುಳ ಮೇಯುವುದಿಲ್ಲ, ಅಲುಗಾಡುವುದೂ ಇಲ್ಲ. ಕಲ್ಲಿನ ಹಾಗೆ ಮಲಗಿದ್ದರ ಹತ್ತಿರ ನೊಣಕ್ಕೇನು ಕೆಲಸ?

ಮಾಲಿನಿ ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಬಾಡಿಗೆಗೆ ಗೊತ್ತುಮಾಡಲು ಯಳಂದೂರಿಗೆ ಹೋದ ಮಧ್ಯಾಹ್ನ ಅವನು ಪರದೆ ಬಿಚ್ಚಿ ಕುದುರೆಯ ಮುಖಕ್ಕೆ ಹೊದಿಸಿದ. ತಿಂಗಳಲ್ಲಿ ಮೊದಲ ಸಲ ಅದರ ಬಾಲ ನಿಂತಿತು. ಕತ್ತು ಇಳಿಬಿಟ್ಟು ನಿಂತಲ್ಲೇ ತೂಕಡಿಸಿತು. ಸಂಜೆಯೊಳಗೆ ಪರದೆ ಕಿಟಕಿಗೆ ಮರಳಿತು. ಮಾರನೆಯ ದಿನ ಅವಳು ತೋಟಕ್ಕೆ ಹೋದಾಗಲೂ ಹಾಗೆಯೇ.

ನಾಲ್ಕು ದಿನ ಕಳೆದ ಮೇಲೆ ಮಾಲಿನಿ ಕೂಗಿದಳು. ಅವಳ ಅಂಗೈಯಲ್ಲಿ ಒಂದು ಹುಳವಿತ್ತು. ಬಿಳಿ ಮೈಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ.

"ಎಲ್ಲಾ ತಟ್ಟೇಲೂ ಇಂಗೇ ಅವೆ. ಪರ್ದೆ ಕಟ್ದಂಗೇ ಅದೆ, ಊಜಿ ಎಲ್ಲಿಂದ ಬಂತು ಮಾವ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಪರದೆಯ ಹೆಣಿಗೆಯಿಂದ ಉದ್ದನೆಯ ಬಿಳಿ ಕೂದಲೊಂದನ್ನು ಎಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ನಾನೇ ಕಣವ್ವ," ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

ಹುಳಗಳನ್ನೆಲ್ಲ ಕೊಟ್ಟಿಗೆಯ ಹಿಂದೆ ಗುಂಡಿ ತೋಡಿ ಹೂತರು. ನಾಯಿಗಳು ಕೆದಕಿದವು. ಆ ವಾಸನೆಗೆ ಹಿಂದೆಂದೂ ಕಾಣದಷ್ಟು ನೊಣಗಳು ಬಂದವು. ಕುದುರೆಯ ಬಿಳಿ ಮುಖ ಕಪ್ಪಾಗಿ ಮಿಸುಕಾಡುತ್ತಿತ್ತು.

ಮಾಲಿನಿ ಬೇವಿನ ಸೊಪ್ಪಿನ ಹೊರೆ ತಂದು ಅವನ ಮುಂದೆ ಹಾಕಿದಳು. ಮೇಲೊಂದು ಬೆಂಕಿಪೊಟ್ಟಣ.

"ಆಕಿ ಮಾವ ಒಗೇಯ. ಇನ್ಯಾರ್ಗೆ ತೊಂದ್ರೆ?"

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಹೊಗೆ ಕೊಟ್ಟಿಗೆ ತುಂಬಿ, ಗೋಡೆ ದಾಟಿ, ಖಾಲಿ ತಟ್ಟೆಗಳ ಮೇಲೆ ಇಳಿಯಿತು. ಆಚೆ ತಟ್ಟೆ ಉಜ್ಜುತ್ತಿದ್ದ ಮಾಲಿನಿ ಕೆಮ್ಮಿದಳು, ಎದ್ದು ಬರಲಿಲ್ಲ.

ಕುದುರೆಯ ಬಾಲ ನಿಂತಿತು. ಉಳಿದ ಒಂದೇ ಕಣ್ಣು ತೆರೆದು ಅದು ಅವನನ್ನು ಹುಡುಕಿತು. ಪುಟ್ಟಸಿದ್ದಯ್ಯ ತಲೆಯೆತ್ತದೆ ಬೂದಿ ಕೆದಕುತ್ತ ಕೂತ.