ಎದುರಾಳಿಗೊಂದು ಓಟು

ನಮ್ಮೂರು ಕೋಲ್ಡರ್‌ವಿಕ್‌ನಲ್ಲಿ ಮರ್ಯಾದೆಗೇನೂ ಬರವಿಲ್ಲ. ಯಾರಾದರೂ ಬಂದು ನಮ್ಮ ಕಾಲು ತುಳಿದರೆ ನಾವೇ 'ಸಾರಿ' ಅನ್ನುತ್ತೇವೆ. ಅಂಗಡಿಯ ಸಾಲಿನಲ್ಲಿ ನಿಂತು ಪ್ರಾಣ ಹೋದರೂ ಮುಂದಿನವರನ್ನು ದಾಟುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು ನಾನು, ನನಗೂ ಆ ರೋಗ ಸ್ವಲ್ಪ ಇದೆ. ಆದರೆ ವಿಲ್ಫ್ ಓಲ್ಡ್‌ರಾಯ್ಡ್‌ಗೆ ಹಿಡಿದಷ್ಟು ಯಾರಿಗೂ ಹಿಡಿದಿರಲಿಲ್ಲ.

ವಿಲ್ಫ್ ನಮ್ಮ ವಾರ್ಡಿನ ಕೌನ್ಸಿಲರ್. ನಾನು ನೊರೀನ್, ವಯಸ್ಸಾದವರಿಗೆ ಮಧ್ಯಾಹ್ನದ ಊಟ ಹಾಕುವ ಕ್ಲಬ್ಬಿನ ಅಡುಗೆಯವಳು. ಕ್ಲಬ್ಬು ನಡೆಯುತ್ತಿದ್ದದ್ದು ಗಿರಣಿ ಬೀದಿಯಲ್ಲಿ, ಕೌನ್ಸಿಲ್ಲಿನ ಹಳೇ ಕಟ್ಟಡದಲ್ಲಿ. ವಿಲ್ಫ್‌ನ ಹೆಂಡತಿ ಮೇವಿಸ್ ದಿನಾ ಅಲ್ಲಿಗೆ ವ್ಯಾನಿನಲ್ಲಿ ಬರುತ್ತಿದ್ದಳು. ಅವಳಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ತಟ್ಟೆ ಮುಂದಿಟ್ಟರೆ ಹಾಗೇ ತಳ್ಳಿಬಿಡುವಳು. ನಮ್ಮಲ್ಲಿಗೆ ಬಂದರೆ ಮಾತ್ರ ಏಪ್ರನ್ ಕಟ್ಟಿಕೊಂಡು, ಎಲ್ಲರ ಮುಂದೆ ಚಮಚ ಫೋರ್ಕು ಜೋಡಿಸಿ, ಆಮೇಲೆ ತಾನೂ ಕೂತು ನನ್ನ ಆಲೂಗಡ್ಡೆ ಪೈಯನ್ನು ತಟ್ಟೆ ಬರಿದಾಗುವ ತನಕ ತಿನ್ನುವಳು. ಆಯುಸ್ಸೆಲ್ಲ ಶಾಲೆಯ ಮಕ್ಕಳಿಗೆ ಊಟ ಬಡಿಸಿದ ಹೆಂಗಸು. ನಾಲ್ಕು ಜನಕ್ಕೆ ಬಡಿಸಿದ ಮೇಲೆ ತಾನು ಉಣ್ಣಬೇಕು ಅನ್ನುವುದೊಂದು ಅವಳ ಮೈಗೆ ನೆನಪಿತ್ತು.

ಆ ಕಟ್ಟಡದ ಮೇಲೆ ಕಣ್ಣು ಬಿದ್ದಿತ್ತು. ಕೌನ್ಸಿಲ್ಲಿನಲ್ಲಿ ಎರಡು ಗುಂಪು. ವಿಲ್ಫ್‌ನದು ಬಿಳಿ ರಿಬ್ಬನ್ನಿನವರು, ಆ ಕಡೆಯದು ನೇರಳೆ ರಿಬ್ಬನ್ನಿನವರು. ನೇರಳೆಯವರಿಗೆ ಕಟ್ಟಡ ಮಾರಿ ಫ್ಲ್ಯಾಟು ಕಟ್ಟಿಸುವ ಆತುರ. ಆ ಸಲದ ಚುನಾವಣೆಯಲ್ಲಿ ಎರಡೂ ಕಡೆ ಸಮಸಮ ನಿಂತು, ನಮ್ಮ ವಾರ್ಡಿನಲ್ಲಿ ಗೆದ್ದವರ ಕೈಯೇ ಮೇಲಾಗುವುದು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ವಿಲ್ಫ್ ಸೋತರೆ ಮೇವಿಸ್‌ಳ ಊಟ ಹೋಯಿತು. ಇಷ್ಟೇ ಲೆಕ್ಕ.

ಮುಂಚೆ ವಿಲ್ಫ್‌ನ ಎದುರಾಳಿ ನೇರಳೆಯವರ ಲೆನರ್ಡ್ ಹೇಗ್. ಇಬ್ಬರೂ ಚುನಾವಣೆ ಬಂದಾಗಲೆಲ್ಲ ಒಬ್ಬರನ್ನೊಬ್ಬರು ಕರಪತ್ರಗಳಲ್ಲಿ ಹರಿದು ಹಾಕುವರು, ಮಿಕ್ಕ ದಿನ ಅಕ್ಕಪಕ್ಕದ ತುಂಡು ನೆಲದಲ್ಲಿ ಈರುಳ್ಳಿ ಜಾತಿಯ ಲೀಕ್ ಸೊಪ್ಪು ಬೆಳೆಯುವರು. ಅವರದೊಂದು ಪದ್ಧತಿ. ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಇಬ್ಬರೂ ಜೊತೆಯಲ್ಲಿ ಮತಗಟ್ಟೆಯಿದ್ದ ಚಾಪೆಲ್ ಹಾಲ್‌ಗೆ ಹೋಗಿ, ಇವನು ಅವನಿಗೆ, ಅವನು ಇವನಿಗೆ ಓಟು ಹಾಕಿ ಬರುವುದು. ತನ್ನ ಹೆಸರಿಗೆ ತಾನೇ ಗುರುತು ಹಾಕಿಕೊಳ್ಳುವುದು ಅಂದರೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಷ್ಟು ನಾಚಿಕೆಗೇಡು ಅಂತ ಇಬ್ಬರ ಅಭಿಪ್ರಾಯ. ಆಮೇಲೆ ಲೆನರ್ಡ್ ಮನೆಯಲ್ಲಿ ಬೇಕನ್, ಮೊಟ್ಟೆಯ ತಿಂಡಿ. ಯಾರಿಗೂ ನಷ್ಟವಿರಲಿಲ್ಲ.

ಆ ಚುನಾವಣೆಗೆ ಮುಂಚಿನ ಚಳಿಗಾಲ ಲೆನರ್ಡ್ ತೀರಿಕೊಂಡ. ಅವನ ಜಾಗಕ್ಕೆ ಮಗ ಡಂಕನ್ ನಿಂತ. ಮನೆ ಮಾರಿಸುವ ದಲ್ಲಾಳಿ, ಹಲ್ಲು ಬೆಳ್ಳಗೆ, ಶೂ ಇನ್ನೂ ಬೆಳ್ಳಗೆ.

ಮತದಾನದ ಬೆಳಿಗ್ಗೆ ಬಿಳಿ ರಿಬ್ಬನ್ ಚುಚ್ಚಿಕೊಂಡು ಚಾಪೆಲ್ ಗೇಟಿನಲ್ಲಿ ನಾನೇ ನಿಂತಿದ್ದೆ. ತುಂತುರು ಮಳೆ. ವಿಲ್ಫ್ ಛತ್ರಿ ಹಿಡಿದು ಡಂಕನ್‌ಗಾಗಿ ಕಾಯುತ್ತಿದ್ದ. ಡಂಕನ್ ಕಾರಿನಿಂದ ಇಳಿದದ್ದೇ ವಿಲ್ಫ್ ಕೇಳಿದ.

"ಡಂಕನ್, ನಿಮ್ಮಪ್ಪನ ಜೊತೆ ನಂದೊಂದು ಪದ್ಧತಿ ಇತ್ತು ಕಣೋ. ನಾನು ಅವನಿಗೆ, ಅವನು ನನಗೆ."

"ಗೊತ್ತು ಅಂಕಲ್. ಅಪ್ಪ ಹೇಳ್ಕೊಂಡು ನಗ್ತಿದ್ರು."

"ಮುಂದುವರಿಸೋಣ್ವಾ ಮತ್ತೆ?"

"ಅದಕ್ಕೇನಂತೆ, ಮುಂದುವರಿಸೋಣ," ಅಂತ ಡಂಕನ್ ಕೈ ಚಾಚಿದ. ವಿಲ್ಫ್ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಅವನ ಕೋಟಿನ ತೋಳು ಹಿಡಿದು ಪಕ್ಕಕ್ಕೆಳೆದೆ.

"ಇವನು ಲೆನರ್ಡ್ ಅಲ್ಲ ವಿಲ್ಫ್."

"ಲೆನರ್ಡ್ ಮಗ ಕಣೆ."

"ಮಗ ಅಂದ್ರೆ ಅಪ್ಪ ಅಲ್ಲ. ಸುಮ್ನೆ ಒಳಗೆ ಹೋಗಿ ನಿನ್ನ ಹೆಸರಿಗೆ ಹಾಕ್ಕೊಂಡು ಬಾ. ಯಾರು ನೋಡ್ತಾರೆ?"

"ನೋಡದೆ ಇದ್ದಾಗಲೇ ಅಲ್ವಾ ನೊರೀನ್, ಮರ್ಯಾದೆ ಇರಬೇಕಾದ್ದು?"

ತೋಳು ಬಿಡಿಸಿಕೊಂಡು ವಿಲ್ಫ್ ಡಂಕನ್ ಜೊತೆ ಒಳಗೆ ಹೋದ. ಹೊರಗೆ ಬಂದಾಗ ಬೇಕನ್ ತಿನ್ನೋಣ ಬಾ ಅಂತ ಡಂಕನ್‌ನನ್ನು ಕರೆದ. ಡಂಕನ್ ಗಡಿಯಾರ ನೋಡಿಕೊಂಡು, ಇನ್ನೊಂದು ದಿನ ಖಂಡಿತ, ಅಂದ.

ಮರುದಿನ ಈಜುಕೊಳದ ಪಕ್ಕದ ಆಟದ ಹಾಲಿನಲ್ಲಿ ಎಣಿಕೆ. ಕ್ಲೋರಿನ್ ವಾಸನೆಯ ನಡುವೆ ಮೇಜುಗಳ ಮೇಲೆ ಓಟಿನ ಕಟ್ಟುಗಳು ಏರುತ್ತಾ ಹೋದವು. ಎಣಿಸಿದರು. ನಮ್ಮವರು ಕೇಳಿದ್ದಕ್ಕೆ ಇನ್ನೊಮ್ಮೆ ಎಣಿಸಿದರು. ಚುನಾವಣಾಧಿಕಾರಿ ಗಂಟಲು ಸರಿಮಾಡಿಕೊಂಡು ಓದಿದ. ಡಂಕನ್ ಹೇಗ್, ಆರುನೂರ ಹನ್ನೆರಡು. ವಿಲ್ಫ್ರೆಡ್ ಓಲ್ಡ್‌ರಾಯ್ಡ್, ಆರುನೂರ ಹನ್ನೊಂದು.

 ನೇರಳೆಯವರು ಕೇಕೆ ಹಾಕಿ ಡಂಕನ್‌ನ ಬೆನ್ನು ತಟ್ಟುತ್ತಿದ್ದರು. "ಒಂದೇ ಓಟು ಕಣೋ! ನಿನ್ನ ಓಟೇ ನಿನ್ನ ಗೆಲ್ಲಿಸ್ತು ನೋಡು," ಅಂದ ಒಬ್ಬ.

"ಅದಕ್ಕೇ ಅಲ್ವಾ ಹಾಕ್ಕೊಂಡಿದ್ದು," ಅಂತ ನಕ್ಕು ತಿರುಗಿದ ಡಂಕನ್. ಅಭಿನಂದಿಸಲು ಬಂದ ವಿಲ್ಫ್ ಕೈ ಚಾಚಿಕೊಂಡು ಅವನ ಹಿಂದೆಯೇ ನಿಂತಿದ್ದ. ಡಂಕನ್‌ನ ಮುಖ ಬಿಳುಚಿಕೊಂಡಿತು. ಅಷ್ಟಾದರೂ ಆಯಿತಲ್ಲ.

"ಅಂಕಲ್... ಅದು ಅಪ್ಪನೂ ನೀವೂ ಮಾಡ್ಕೊಂಡಿದ್ದ ತಮಾಷೆ ಅಂದ್ಕೊಂಡಿದ್ದೆ. ನಿಜವಾಗ್ಲೂ ಹಾಕ್ತೀರ ಅಂತ ಯಾರಿಗೆ ಗೊತ್ತಿತ್ತು? ನೀವು... ನನಗೇ ಹಾಕಿದ್ರಾ?"

"ಓಟು ಅನ್ನೋದು ಗುಟ್ಟಿನ ವಿಷಯ ಕಣಪ್ಪ," ಅಂದ ವಿಲ್ಫ್. ಕೈ ಕುಲುಕಿದ. "ಒಳ್ಳೇದಾಗ್ಲಿ. ಊರು ನೋಡ್ಕೋ."

ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಕಾರಿನಲ್ಲಿ ಕೂತ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ.

"ಅವನು ಮಾತು ತಪ್ಪಿದ, ಸರಿ. ನೀನು? ನಿನ್ನ ಹೆಸರಿಗೆ ಒಂದು ಗೀಟು ಎಳೆದಿದ್ರೆ ಇವತ್ತು ಗೆದ್ದಿರ್ತಿದ್ದೆ. ಮೇವಿಸ್ ಊಟಾನ ಅವನ ಕೈಗೆ ಕೊಟ್ಟು ಬಂದೆಯಲ್ಲೋ."

"ಮಾತು ಕೊಟ್ಟಿದ್ದೆ ನೊರೀನ್."

"ಅವಳಿಗೂ ಕೊಟ್ಟಿದ್ದೆ. ಮದುವೆ ದಿನ, ಅದೇ ಚಾಪೆಲ್‌ನಲ್ಲಿ."

ವಿಲ್ಫ್ ಸೀಟ್ ಬೆಲ್ಟನ್ನು ಕೊಂಡಿಗೆ ಸಿಕ್ಕಿಸಲು ಒದ್ದಾಡುತ್ತಲೇ ಇದ್ದ. ನಾನು ಬಗ್ಗಿ ಸಿಕ್ಕಿಸಿದೆ, ಆದರೆ ಅಂದ ಮಾತಿಗೆ ಸಾರಿ ಹೇಳಲಿಲ್ಲ. ಜೀವಮಾನದಲ್ಲಿ ಅದೊಂದು ಸಲ ಹೇಳಲಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಕಟ್ಟಡ ಮಾರುವ ಠರಾವು ಬಂತು. ಒಂದು ಕೈ ಹೆಚ್ಚಾಗಿ ಪಾಸಾಯಿತು. ಯಾರ ಕೈ ಅಂತ ಬೇರೆ ಹೇಳಬೇಕಾಗಿಲ್ಲ. ಕ್ಲಬ್ಬಿನ ಕೊನೆಯ ದಿನ ಮೇವಿಸ್ ಎಂದಿನಂತೆ ಚಮಚ ಜೋಡಿಸಿ, ಎರಡು ಸಲ ಪೈ ಹಾಕಿಸಿಕೊಂಡು ತಿಂದಳು. ನಾಳೆ ಬರ್ತೀನಿ ಅಂತ ನನ್ನ ಕೆನ್ನೆ ತಟ್ಟಿ ಹೋದಳು.

ಈಗ ನಾನೇ ಅವರ ಮನೆಗೆ ಪೈ ಮಾಡಿಕೊಂಡು ಹೋಗುತ್ತೇನೆ. ಅವಳ ಕೈಗೆ ಚಮಚ ಕೊಟ್ಟು ಜೋಡಿಸು ಅಂದೂ ನೋಡಿದೆವು. ಎರಡು ಚಮಚಕ್ಕೆ, ಇಬ್ಬರು ಮನುಷ್ಯರಿಗೆ ಅವಳು ಮೋಸಹೋಗುವವಳಲ್ಲ. ತಟ್ಟೆ ತಳ್ಳಿ, ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಬಾಗಿಲು ನೋಡುತ್ತಾಳೆ. ಕೋಟಿನೊಳಗೆ ಅವಳು ದಿನದಿನಕ್ಕೆ ಚಿಕ್ಕವಳಾಗುತ್ತಿದ್ದಾಳೆ.

ಹೋದ ವಾರ ನಾನು ಅಲ್ಲಿದ್ದಾಗಲೇ ಬಾಗಿಲ ಕಿಂಡಿಯಿಂದ ಕರಪತ್ರವೊಂದು ಒಳಗೆ ಬಿತ್ತು. ನಿಮ್ಮ ಕೌನ್ಸಿಲರ್ ಮಾಡಿದ ಕೆಲಸಗಳು ಅಂತ ಮೇಲೆ, ಕೆಳಗೆ ಗಿರಣಿ ಬೀದಿಯ ಫ್ಲ್ಯಾಟಿನ ಮುಂದೆ ನಿಂತ ಡಂಕನ್‌ನ ನಗುಮುಖ. ಹರಿದು ಒಲೆಗೆ ಹಾಕೋಣ ಅಂತ ನಾನು ಬಗ್ಗುವುದರೊಳಗೆ ಮೇವಿಸ್ ಎತ್ತಿಕೊಂಡಳು. ತುಂಬ ಹೊತ್ತು ನೋಡಿದಳು.

"ಒಳ್ಳೆ ಹುಡುಗನ ಹಾಗೆ ಕಾಣ್ತಾನೆ," ಅಂದಳು. "ಇವನಿಗೇನಾ ನೀನು ಓಟು ಹಾಕಿದ್ದು?"

ವಿಲ್ಫ್ ನನ್ನ ಕಡೆ ನೋಡಲಿಲ್ಲ.

"ಹೂಂ ಕಣೆ. ಇವನಿಗೇ."

"ಒಳ್ಳೇದು ಮಾಡಿದೆ," ಅಂತ ಅವನ ಮೊಣಕಾಲು ಸವರಿದಳು. ಕೋಟಿನ ಗುಂಡಿಗಳನ್ನು ಮೇಲಿನ ತನಕ ಹಾಕಿಕೊಂಡು, ಬಾಗಿಲ ಕಡೆ ತಿರುಗಿ ಕೇಳಿದಳು. "ವ್ಯಾನು ಇನ್ನೂ ಬರ್ಲಿಲ್ವಾ?"