ನನ್ನವಳನ್ನ ನೀನು ನೋಡ್ಕೋ

ಸೆರಗಿಗೆ ಪಿನ್ನು ಚುಚ್ಚಿ ಪಕ್ಕದ ಮನೆಯ ಹಾಲಮ್ಮ ಹಿಂದೆ ಸರಿದು ನೋಡಿದಳು. ಬಿಳಿ ಸೀರೆಯ ನೆರಿಗೆ ಒಂದು ಕಡೆ ಜಾರಿತ್ತು. ಮತ್ತೆ ಬಗ್ಗಿ ಸರಿಮಾಡಿದಳು. ಜೀವಮಾನವಿಡೀ ಭದ್ರಾವತಿಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿದ ಜ್ಞಾನಮಣಿ, ನೆರಿಗೆ ಸೊಟ್ಟಗಿದ್ದರೆ ಸುಮ್ಮನಿರುವವಳಲ್ಲ. ನಿನ್ನೆ ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಿದ್ದಳು.

"ಹಾಲಮ್ಮಕ್ಕ, ಒಂದು ನಿಮಿಷ." ಬಾಗಿಲಲ್ಲಿ ಜ್ಞಾನಮಣಿಯ ತಮ್ಮ ದೇವಸಹಾಯಂ ನಿಂತಿದ್ದ. ದನಿ ತಗ್ಗಿಸಿ ಹೇಳಿದ: "ಕೃಪಾ ಕಲ್ಲರೆ ತೋಟಕ್ಕೆ, ಸಮಾಧಿ ಹತ್ರ ಬರೋದು ಬೇಡ. ಹೋದ ತಿಂಗಳು ಚರ್ಚಲ್ಲೇ ಫಿಟ್ಸ್ ಬಂದಿತ್ತು. ಗುಂಡಿ ಅಂಚಲ್ಲಿ ನಿಂತಾಗ ಬಂದ್ರೆ? ಸಮಾಧಿ ಕೆಲಸ ಮುಗಿಯೋವರೆಗೂ ಅವಳು ಮನೇಲೇ ಇರ್ಲಿ."

ಮೂಲೆಯಲ್ಲಿ ಕೂತಿದ್ದ ಕೃಪಾ ತಲೆಯೆತ್ತಿದಳು. ಜ್ಞಾನಮಣಿಗಿದ್ದವಳು ಅವಳೊಬ್ಬಳೇ ಮಗಳು. ಶಿವಮೊಗ್ಗದ ವಿದ್ಯಾನಗರದಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ದಿನಾ ಬಸ್ಸಲ್ಲಿ ಹೋಗಿ ಬರುತ್ತಾಳೆ.

"ನಾನು ಬರ್ತೀನಿ ಮಾವ."

"ಬೇಡ ಕಣಮ್ಮ. ರಾತ್ರಿಯಿಂದ ನಿದ್ದೆ ಇಲ್ಲ, ಊಟ ಇಲ್ಲ..."

"ಬಂದ್ರೆ ಬರ್ಲಿ. ಅಮ್ಮನ್ನ ಕಳಿಸಿ ಇಲ್ಲಿ ಕೂತಿರೋಕೆ ನನ್ನ ಕೈಲಾಗಲ್ಲ."

ದೇವಸಹಾಯಂ ಕೈ ಮುಗಿದ. "ಅಕ್ಕಾ, ನೀವಾದ್ರೂ ಹೇಳಿ. ನಿಮ್ಮ ಮಾತಂದ್ರೆ ಕೇಳ್ತಾಳೆ."

ನಿಜ ಹೇಳಬೇಕೆಂದರೆ ಹಾಲಮ್ಮನಿಗೂ ಒಳಗೊಳಗೇ ಅದೇ ಭಯ. ಅವಳು ತಿರುಗಿ, ಮಲಗಿಸಿದ್ದ ಜ್ಞಾನಮಣಿಯ ಮುಖ ನೋಡಿದಳು.

*

ಒಂದು ಕಾಲದಲ್ಲಿ ಭದ್ರಾವತಿಯ ಇಡೀ ನ್ಯೂಟೌನಿನಲ್ಲಿ ಜ್ಞಾನಮಣಿಯಷ್ಟು ಹೆದರುಪುಕ್ಕಲಿ ಮತ್ತೊಬ್ಬಳಿರಲಿಲ್ಲ. ಮೂರು ವರ್ಷದ ಕೃಪಾಗೆ ಮೊದಲ ಸಲ ಫಿಟ್ಸ್ ಬಂದಾಗ ಹತ್ತಿದ ಹೆದರಿಕೆ ಅದು. ಮಲಗುವಾಗ ಮಗಳ ಕೈಗೂ ತನ್ನ ಕೈಗೂ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ಮಗಳು ಶಾಲೆಗೆ ಸೇರಿದ ಮೇಲೆ ಶಾಲೆಯ ಜಗಲಿಯಲ್ಲೇ ಅವಳ ವಾಸ. ಕೂತಲ್ಲೇ ಯೂನಿಫಾರ್ಮಿಗೆ ಗುಂಡಿ ಹೊಲಿಯುವುದು, ನಡುನಡುವೆ ಎದ್ದು ಕಿಟಕಿಯಲ್ಲಿ ಇಣುಕುವುದು. ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿಂದ ಬರುವಾಗಲೂ ಮುಖದಲ್ಲಿ ಅದೇ ಗಾಬರಿ.

ಹಾಲಮ್ಮನಿಗೆ ಚೊಚ್ಚಲ ಹೆರಿಗೆಯ ನೋವು ಕಾಣಿಸಿಕೊಂಡದ್ದು ಒಂದು ಮಧ್ಯಾಹ್ನ. ಗಂಡ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದ. ಊಟಕ್ಕೆ ಬಂದು ಮತ್ತೆ ಶಾಲೆಗೆ ಹೊರಟಿದ್ದ ಜ್ಞಾನಮಣಿ, ಪಕ್ಕದ ಮನೆಯ ನರಳಾಟ ಕೇಳಿ ಓಡಿಬಂದಳು. ಆಟೋ ಕರೆದದ್ದೂ ಅವಳೇ, ಹತ್ತಿಸಿ ಕೂರಿಸಿದ್ದೂ ಅವಳೇ. ಆದರೆ ತಾನು ಹತ್ತಲು ಕಾಲು ಬರಲಿಲ್ಲ. ಒಂದು ಕಾಲು ಆಟೋದಲ್ಲಿ, ಒಂದು ಕಾಲು ರಸ್ತೆಯಲ್ಲಿ ಇಟ್ಟು ಶಾಲೆಯ ದಿಕ್ಕಿಗೆ ನೋಡುತ್ತ ನಿಂತುಬಿಟ್ಟಳು.

"ನೀನು ಮಗು ಹತ್ರ ಹೋಗು ಮಣಿ," ಎಂದು ಹಾಲಮ್ಮ ಹಲ್ಲು ಕಚ್ಚಿಕೊಂಡು ಹೇಳಿದಳು.

ಜ್ಞಾನಮಣಿ ಕಣ್ಣು ಮುಚ್ಚಿದಳು. "ಯೇಸಪ್ಪಾ, ನನ್ನವಳನ್ನ ನೀನು ನೋಡ್ಕೋ. ಇವಳನ್ನ ನಾನು ನೋಡ್ಕೊಳ್ತೀನಿ."

ಅಷ್ಟು ಹೇಳಿ ಹತ್ತಿ ಕೂತಳು. ಆಸ್ಪತ್ರೆ ತಲುಪುವವರೆಗೂ ಹಾಲಮ್ಮನ ಕೈ ಬಿಡಲಿಲ್ಲ. ಆನಂದ ಹುಟ್ಟಿ ಅಳುವವರೆಗೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಮರುದಿನ ವಾರ್ಡಿಗೆ ರಾಗಿ ಗಂಜಿ ತಂದವಳ ಮುಖ ಬೇರೆಯೇ ಆಗಿತ್ತು.

"ನಿನ್ನೆ ಶಾಲೆಯಲ್ಲಿ ಕೃಪಾಗೆ ಬಂದಿತ್ತಂತೆ ಹಾಲಿ."

"ಅಯ್ಯೋ ಶಿವನೇ! ನನ್ನಿಂದ..."

"ಸುಮ್ನಿರು ಮಾರಾಯ್ತಿ. ಬಂಗಾರಮ್ಮ ಟೀಚರ್ ಅವಳನ್ನ ಮಗ್ಗುಲಿಗೆ ಮಲಗಿಸಿ, ತೊಡೆ ಮೇಲೆ ತಲೆ ಇಟ್ಕೊಂಡು ಕೂತಿದ್ರಂತೆ. ಬಂತು, ಹೋಯ್ತು. ನಾನಿಲ್ದೇನೂ ಹೋಯ್ತು. ಯೇಸಪ್ಪ ನೋಡ್ಕೊಂಡ."

"ಹಾಗಾದ್ರೆ ಇನ್ನು ಚಿಂತೆ ಮಾಡಲ್ವಾ?"

ಜ್ಞಾನಮಣಿ ನಕ್ಕಳು. "ಚಿಂತೆ ಬರೋದು ಎಲ್ಲಿ ಬಿಡ್ತದೆ? ಬಂದ್ರೆ ಅವನ ಹತ್ರ ಕಳಿಸ್ತೀನಿ. ಕೂತ್ಕೋ ಅನ್ನಲ್ಲ, ಅಷ್ಟೇ."

ಆ ವಾರವೇ ರಿಬ್ಬನ್ನು ಮಗಳ ಜಡೆಗೆ ಹೋಯಿತು. ಮುಂದೆ ಕೃಪಾ ಕಾಲೇಜಿಗೆಂದು ಮೊದಲ ಸಲ ಒಬ್ಬಳೇ ಶಿವಮೊಗ್ಗದ ಬಸ್ಸು ಹತ್ತಿದ ದಿನ, ಜ್ಞಾನಮಣಿ ಕೈ ಬೀಸಿ ಕಳಿಸಿ, ನೇರ ಹಾಲಮ್ಮನ ಮನೆಗೆ ಬಂದು ಒಂದು ಮೊರ ಅವರೆಕಾಯಿ ಬಿಡಿಸಿ ಹೋಗಿದ್ದಳು.

*

"ಅವಳು ಬರ್ತಾಳೆ," ಎಂದಳು ಹಾಲಮ್ಮ. "ನಾನು ಪಕ್ಕದಲ್ಲೇ ಇರ್ತೀನಿ."

"ಏನಾದ್ರೂ ಆದ್ರೆ ಅಕ್ಕಾ?"

"ಆದ್ರೆ ಮಗ್ಗುಲಿಗೆ ಮಲಗಿಸೋಣ. ಇಷ್ಟು ಜನ ಇದೀವಲ್ಲ."

ದೇವಸಹಾಯಂಗೆ ಸಮಾಧಾನವಾಗಲಿಲ್ಲ. ತಲೆ ಅಲ್ಲಾಡಿಸುತ್ತ ಹೊರಗೆ ಹೋದ.

ಪೆಟ್ಟಿಗೆ ಹೊತ್ತವರಲ್ಲಿ ಆನಂದನೂ ಇದ್ದ. ಕಲ್ಲರೆ ತೋಟದಲ್ಲಿ ಬಿಸಿಲು ಜೋರಾಗಿತ್ತು. ಚರ್ಚಿನ ಅಯ್ಯನವರು ಬೈಬಲ್ ವಾಕ್ಯ ಓದಿ ಪ್ರಾರ್ಥನೆ ಮಾಡಿದರು. ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಹಾಲಮ್ಮ ಒರೆಸಿಕೊಳ್ಳಲಿಲ್ಲ. ಎರಡೂ ಕೈ ಸಡಿಲ ಬಿಟ್ಟುಕೊಂಡು ಕೃಪಾಳ ಬೆನ್ನ ಹಿಂದೆಯೇ ನಿಂತಿದ್ದಳು. ಹುಡುಗಿಯ ಬೆರಳು ಸೆಟೆದುಕೊಳ್ಳುತ್ತಿದೆಯೇ, ಕತ್ತು ಹೊರಳುತ್ತಿದೆಯೇ ಎಂಬುದರ ಮೇಲೇ ಅವಳ ಕಣ್ಣು. ಎದುರಿಗಿದ್ದ ದೇವಸಹಾಯಂನ ಕಣ್ಣೂ ಅಲ್ಲೇ ನೆಟ್ಟಿತ್ತು.

ಹಗ್ಗ ಸಡಿಲಿಸಿ ಪೆಟ್ಟಿಗೆ ಇಳಿಸಿದರು. ಮಣ್ಣು ಹಾಕುವಂತೆ ಅಯ್ಯನವರು ಸನ್ನೆ ಮಾಡಿದಾಗ, ದೇವಸಹಾಯಂ ಒಂದು ಹಿಡಿ ತೆಗೆದುಕೊಂಡು ಮುಂದೆ ಬಂದ. ಗುಂಡಿಯೊಳಗೆ ನೋಡಿದ. "ಅಕ್ಕಾ" ಎಂದ. ಗುಂಡಿಯ ಅಂಚಲ್ಲೇ ಪ್ರಜ್ಞೆ ತಪ್ಪಿ ಕುಸಿದ.

ಹಾಲಮ್ಮ ಕೃಪಾಳನ್ನು ಹಿಡಿಯಲು ಕೈ ಚಾಚಿದಳು. ಕೃಪಾ ಅಲ್ಲಿರಲಿಲ್ಲ. ಅಷ್ಟರಲ್ಲೇ ನೆಲಕ್ಕೆ ಕೂತು ಮಾವನ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡಿದ್ದಳು.

"ಗಾಳಿ ಬಿಡಿ, ಸ್ವಲ್ಪ ಸರೀರಿ," ಎಂದಳು, ತರಗತಿಯಲ್ಲಿ ಮಕ್ಕಳಿಗೆ ಹೇಳುವ ಹಾಗೆ. ಆನಂದ ನೀರಿನ ಬಾಟಲಿ ಕೊಟ್ಟ. ಅವಳು ಸೆರಗು ಒದ್ದೆ ಮಾಡಿ ಮಾವನ ಮುಖ ಒರೆಸಿದಳು.

ದೇವಸಹಾಯಂ ಕಣ್ಣು ಬಿಟ್ಟ. "ನಿನಗೇನೂ ಆಗ್ಲಿಲ್ವಾ ಕೃಪಾ?"

"ಇಲ್ಲ ಮಾವ. ನಿಧಾನ ಏಳಿ."

ಅವನನ್ನು ಎಬ್ಬಿಸಿ ಕೂರಿಸಿದರು. ಬಲಗೈ ಇನ್ನೂ ಬಿಗಿಮುಷ್ಟಿಯಾಗಿತ್ತು. ಕೃಪಾ ಆ ಕೈಯನ್ನು ಗುಂಡಿಯ ಮೇಲಕ್ಕೆ ಒಯ್ದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೆಂಪು ಮಣ್ಣು ಇಬ್ಬರ ಕೈಯಿಂದಲೂ ಮೆಲ್ಲಗೆ ಉದುರತೊಡಗಿತು.