ತೂತಿಲ್ಲದ ಬಕೆಟ್ಟಿನ ಗೋಳು

ನಾನು ಇಪ್ಪತ್ತು ಲೀಟರಿನ ಒಂದು ಪೇಂಟ್ ಬಕೆಟ್ಟು. ಹುಟ್ಟಿದ್ದು ಯಾವುದೋ ಕಾರ್ಖಾನೆಯ ಅಚ್ಚಿನಲ್ಲಿ. ಕಾದ ಪ್ಲಾಸ್ಟಿಕ್ಕನ್ನು ಒತ್ತಿದರು, ತಣ್ಣಗಾದ ಮೇಲೆ ಕಿತ್ತು ಸಾಲಿಗೆ ನಿಲ್ಲಿಸಿದರು, ತಂತಿಯ ಹಿಡಿ ಸಿಕ್ಕಿಸಿದರು. ಅಲ್ಲಿಗೆ ನನ್ನ ಬಾಲ್ಯ ಮುಗಿಯಿತು. ತಪಾಸಣೆಗೆ ನಿಂತಿದ್ದವನು ನನ್ನೊಳಗೆ ನೀರು ತುಂಬಿಸಿ ನೋಡಿ, ಒಂದು ಹನಿಯೂ ಸೋರುವುದಿಲ್ಲ ಎಂದು ಪಾಸು ಮಾಡಿದ. ಆಗ ನನಗೆ ಹೆಮ್ಮೆಯೋ ಹೆಮ್ಮೆ. ಆ ಸೋರದ ತಳವೇ ಒಬ್ಬ ಹೆಣ್ಣುಮಗಳ ಪಾಲಿಗೆ ಶನಿಯಾಗುತ್ತದೆಂದು ನನಗೇನು ಗೊತ್ತಿತ್ತು?

ಹೊಟ್ಟೆಯಲ್ಲಿ ಕೆನೆಬಣ್ಣ ತುಂಬಿಕೊಂಡು ತಿಪಟೂರಿಗೆ ಬಂದೆ. ಗೌಸ್ ಎಂಬ ಪೇಂಟರು ನನ್ನನ್ನು ಒಂದು ಎರಡಂತಸ್ತಿನ ಮನೆಗೆ ಹೊತ್ತು ತಂದರು. ಕೆಲಸ ಮುಗಿದ ಮೇಲೆ ಖಾಲಿ ಬಕೆಟ್ಟು ಪೇಂಟರಿಗೆ ಸೇರುವುದು ಅವರ ಕಸುಬಿನ ರೂಢಿ. ಆದರೆ ಆ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ಶಿವನಂಜಮ್ಮ ಮೊದಲ ದಿನವೇ ನನ್ನ ಮೇಲೆ ಕಣ್ಣಿಟ್ಟಿದ್ದರು. ಮೂರು ದಿನ ಗೌಸ್ ಕೇಳದೆಯೇ ಟೀ ಬಂತು, ನಾಲ್ಕನೆಯ ದಿನ ಟೀ ಜೊತೆ ನಿಪ್ಪಟ್ಟೂ ಬಂತು. ನಿಪ್ಪಟ್ಟು ಬಾಯಲ್ಲಿರುವಾಗಲೇ, "ಗೌಸಣ್ಣ, ಆ ಬಕೆಟ್ಟು ನಂಗಿರ್ಲಿ" ಎಂದರು. ಪಾಪ, ಆ ಮನುಷ್ಯ ಇಲ್ಲವೆನ್ನುವುದಾದರೂ ಹೇಗೆ?

ಆ ಬಡಾವಣೆಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು. ಹಾಗಾಗಿ ನನಗೆ ರಾಜಮರ್ಯಾದೆ. ಶಿವನಂಜಮ್ಮ ನನ್ನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆದು, ಕುಡಿಯುವ ನೀರಿಗಲ್ಲದಿದ್ದರೂ ಬಳಸುವ ನೀರಿಗೆ ಇಟ್ಟುಕೊಂಡರು. ಅವರ ಮಗ ರೇಣುಕಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ. ಸೊಸೆ ಸರ್ವಮಂಗಳಾ, ಎಲ್ಲರ ಬಾಯಲ್ಲಿ ಮಂಗಳಾ.

ಮದುವೆಯಾದ ವರ್ಷ ಮಂಗಳಾ ನೆಟ್ಟ ತುಳಸಿ ಒಣಗಿತಂತೆ. ಎರಡು ಸಲ ಅವಳು ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲವಂತೆ. ಅತ್ತೆಗೆ ಅಷ್ಟು ಸಾಕಾಯಿತು. "ನಮ್ಮ ಮಂಗಳಾ ಕೈಗುಣ ಸರಿಯಿಲ್ಲ" ಎಂದು ಹಾಲಿನವಳಿಂದ ಹಿಡಿದು ನೆಂಟರವರೆಗೆ ಎಲ್ಲರಿಗೂ ಹೇಳಿದರು. ಆರು ವರ್ಷ ಕೇಳಿ ಕೇಳಿ ಅವಳಿಗೂ ತನ್ನ ಕೈಯ ಮೇಲೆ ಅನುಮಾನ ಬಂದುಬಿಟ್ಟಿತ್ತು.

ಮನೆಗೆ ಬರುವ ದುಡ್ಡು ಕೈಗೂ ಬಾಯಿಗೂ ಸರಿಹೋಗುತ್ತಿತ್ತು. ಒಂದು ದಿನ ಮಂಗಳಾ ಧೈರ್ಯ ಮಾಡಿ, "ಅತ್ತೆ, ತಾರಸಿ ಮೇಲೆ ನಾಲ್ಕು ತರಕಾರಿ ಗಿಡ ಹಾಕ್ತೀನಿ. ಕುಂಡ ಕೊಳ್ಳೋಕೆ ಆಗಲ್ಲ, ಆ ಬಕೆಟ್ಟು ಕೊಡ್ತೀರಾ?" ಎಂದಳು.

ಶಿವನಂಜಮ್ಮ ಎರಡು ದಿನ ಯೋಚಿಸಿದರು. "ಕೊಡ್ತೀನಿ. ಆದ್ರೆ ತೂತು ಗೀತು ಹೊಡೆದೀಯ, ಜೋಕೆ! ಹೆಂಗೆ ಕೊಟ್ಟೆನೋ ಹಂಗೇ ವಾಪಸ್ ಬರಬೇಕು. ನಿನ್ನ ಕೈಲಿ ಗಿಡ ಬರೋದು ಅಷ್ಟರಲ್ಲೇ ಇದೆ."

ತೂತು ಬೇಕೆಂದು ಮಂಗಳಾಗೂ ತಿಳಿದಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು ಕಾಣುವ ಮನೆಯಲ್ಲಿ, ಹೊಯ್ದ ನೀರು ಕೆಳಗಿಂದ ಸೋರಿಹೋಗಲಿ ಎಂದು ಯಾರು ತಾನೇ ಬಯಸುತ್ತಾರೆ? ರೇಣುಕಪ್ಪ ನಾರಿನ ಮಿಲ್ಲಿನ ಹಿಂದೆ ಬಿದ್ದಿದ್ದ ತೆಂಗಿನ ನಾರಿನ ಪುಡಿಯನ್ನು ಎರಡು ಚೀಲ ತಂದುಕೊಟ್ಟ. ಹಾಲಿನವಳು ಒಣಗಿದ ಸಗಣಿ ಕೊಟ್ಟಳು. ಪಕ್ಕದ ಖಾಲಿ ಸೈಟಿನಿಂದ ಮಣ್ಣು ಬಂತು. ಮೆತ್ತಗಾಗಿದ್ದ ಒಂದು ಟೊಮ್ಯಾಟೊ ಹಣ್ಣನ್ನು ಹಿಂಡಿ ಬೀಜ ಉದುರಿಸಿದಳು. ಎಲ್ಲವೂ ಪುಕ್ಕಟೆ, ಎಲ್ಲವೂ ಸರಿ, ನನ್ನ ತಳವೊಂದನ್ನು ಬಿಟ್ಟು.

ಸಸಿ ಗೇಣುದ್ದ ಬಂದು ಹಳದಿಯಾಯಿತು. ಹಳದಿಯಾದದ್ದು ನೀರು ಸಾಲದೆ ಎಂದುಕೊಂಡು ಮಂಗಳಾ ಅಕ್ಕಿ ತೊಳೆದ ನೀರನ್ನೂ ತಂದು ಸುರಿದಳು. ಮೊದಲೇ ನಾರಿನ ಪುಡಿ, ಕುಡಿದ ನೀರನ್ನು ಬಿಡುವ ಜಾತಿಯಲ್ಲ. ಮಿಕ್ಕಿದ್ದೆಲ್ಲ ನನ್ನ ತಳದಲ್ಲಿ ನಿಂತು ನಾರತೊಡಗಿತು. ಬೇರು ಕೊಳೆಯುವುದು ನನಗೆ ತಿಳಿಯುತ್ತಿತ್ತು. ಸಾಕು ನಿಲ್ಲಿಸು ತಾಯಿ, ತೂತು ಹೊಡಿ ಎಂದು ಕೂಗಬೇಕೆನಿಸುತ್ತಿತ್ತು. ಬಾಯಿ ಇಷ್ಟಗಲ ಇದ್ದರೇನು, ಮಾತು ಬರಬೇಕಲ್ಲ! ತಲೆ ಚಚ್ಚಿಕೊಳ್ಳೋಣವೆಂದರೆ ತಲೆಯೂ ಇಲ್ಲ.

ಟೊಮ್ಯಾಟೊ ಸತ್ತಿತು. ಆಮೇಲೆ ನನ್ನಲ್ಲೇ ಹಾಕಿದ ಮೆಣಸಿನ ಗಿಡವೂ ಅದೇ ದಾರಿ ಹಿಡಿಯಿತು. "ಬಿಸಿಲು ಜಾಸ್ತಿ ಆಯ್ತೇನೋ ಅತ್ತೆ" ಎಂದಳು ಮಂಗಳಾ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಶಿವನಂಜಮ್ಮ. ಅಯ್ಯೋ, ಈ ಸಲ ನೆಲವೇ ಡೊಂಕಾಗಿತ್ತು! ತೂತು ಬೇಡವೆಂದವರೂ ಅವರೇ, ಕೈ ಸರಿಯಿಲ್ಲವೆಂದವರೂ ಅವರೇ.

ಆಮೇಲೆ ನಾದಿನಿಯ ಮನೆಯ ಗೃಹಪ್ರವೇಶ ಬಂತು. ಅಲ್ಲಿಂದ ಬಂದ ಸಂಜೆ ಮಂಗಳಾ ಗಂಡನನ್ನು ತಾರಸಿಗೆ ಕರೆದು ಅತ್ತಳು. ಹಿತ್ತಿಲಲ್ಲಿ ತೆಂಗಿನ ಸಸಿ ನೆಡಲು ಮುತ್ತೈದೆಯರನ್ನು ಕರೆದಿದ್ದರು. ಇವಳೂ ಕೈ ಚಾಚಿದಾಗ ಅತ್ತೆ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಿದ್ದರು.

"ಅಮ್ಮ ಹಂಗೇ ಕಣೆ, ಬಿಟ್ಟಾಕು" ಎಂದ ರೇಣುಕಪ್ಪ.

"ಆರು ವರ್ಷದಿಂದ ಬಿಟ್ಕೊಂಡೇ ಬಂದಿದೀನಿ. ಇನ್ನೊಂದೇ ಸಲ ಹಾಕ್ತೀನಿ ರೀ. ಇದೂ ಸತ್ರೆ ಅವ್ರು ಹೇಳೋದೇ ನಿಜ ಅಂತ ಒಪ್ಕೊಂಡ್ಬಿಡ್ತೀನಿ. ಇನ್ನು ಯಾವ ಗಿಡಾನೂ ಮುಟ್ಟಲ್ಲ."

ಅವಳು ಸಂತೆಯಿಂದ ಬದನೆ ಸಸಿ ತಂದು ಮೂರನ್ನು ನೆಟ್ಟಳು. ಹದಿನೈದು ದಿನಕ್ಕೆ ಕೆಳಗಿನ ಎಲೆ ಹಳದಿಯಾಯಿತು. ಅದನ್ನು ನೋಡಿ ಅತ್ತೆ ಬೈಯಲೂ ಇಲ್ಲ. "ನಾಳೆ ನೀರು ಬರೋ ದಿನ. ಬಕೆಟ್ಟು ತೊಳೆದು ಕೊಟ್ಬಿಡು" ಎಂದು ಇಳಿದುಹೋದರು.

ಮಂಗಳಾ ಸಸಿಗಳನ್ನು ಕಿತ್ತು ಪಕ್ಕಕ್ಕಿಟ್ಟು ನನ್ನನ್ನು ಬೋರಲು ಹಾಕಿದಳು. ಕಪ್ಪು ನೀರು ತಾರಸಿಯ ತುಂಬ ಹರಿಯಿತು. ಏನು ಗಬ್ಬು! ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದಳು. ಮೇಲಿನ ಮಣ್ಣು ಒಣಗಿತ್ತು, ಕೆಳಗಿನದು ಅಂಬಲಿಯಾಗಿತ್ತು. ಸಸಿಗಳ ಬೇರಿನ ತುದಿ ಕರಗಿಹೋಗಿತ್ತು.

"ಅಯ್ಯೋ ಶಿವನೇ, ಇವುನ್ನ ನೀರಲ್ಲಿ ಮುಳುಗಿಸಿ ಸಾಯಿಸ್ತಿದ್ದೆನಲ್ಲ" ಎಂದಳು. ಆಮೇಲೆ ದಡದಡ ಇಳಿದುಹೋಗಿ, ಗಂಡನ ಸ್ಕ್ರೂಡ್ರೈವರನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಬಟ್ಟೆಯಲ್ಲಿ ಹಿಡಿದು ತಂದಳು. ಚುಂಯ್ ಎಂದು ಮೊದಲ ತೂತು ಬಿತ್ತು. ಸುಳ್ಳೇಕೆ ಹೇಳಲಿ, ಉರಿಯಿತು. ಇನ್ನು ನಾನು ಜನ್ಮದಲ್ಲಿ ನೀರು ಹಿಡಿಯುವ ಬಕೆಟ್ಟಲ್ಲ ಎಂದೂ ಗೊತ್ತಾಯಿತು. ಆದರೂ ಇಷ್ಟು ದಿನದ ಸಂಕಟ ಇಳಿಯಿತು. ಅವಳು ಮೂರು ಸಲ ಕೆಳಗೆ ಓಡಿ, ಮತ್ತೆ ಕಾಯಿಸಿ ತಂದು, ಐದು ತೂತು ಹೊಡೆದಳು.

ಸುಟ್ಟ ವಾಸನೆಗೆ ಶಿವನಂಜಮ್ಮ ಏದುಸಿರು ಬಿಡುತ್ತ ಹತ್ತಿ ಬಂದರು. "ಏನೇ ಮಾಡ್ದೆ! ನನ್ನ ಬಕೆಟ್ಟು!"

ಮಂಗಳಾ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಎದ್ದು ನಿಂತಳು. "ಬಕೆಟ್ಟಿಗೆ ಎಷ್ಟು ಬೇಕಾದ್ರೂ ಬೈರಿ ಅತ್ತೆ. ನನ್ನ ಕೈಗೆ ಮಾತ್ರ ಇನ್ನು ಬೈಬೇಡಿ."

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ. ಸೊಸೆ ಹೊಡೆದ ಐದು ತೂತಿಗೆ ಇಪ್ಪತ್ತು ದಿನ ಮಾತು ಬಿಟ್ಟರು. ಮಂಗಳಾ ಕೊಳೆತ ಬೇರು ಚಿವುಟಿ ಅದೇ ಸಸಿಗಳನ್ನು ಮತ್ತೆ ನೆಟ್ಟಳು. ನನ್ನ ಮುಚ್ಚಳವನ್ನೇ ಅಡಿಗಿಟ್ಟು, ಸೋರಿದ ನೀರನ್ನು ಹಿಡಿದು ಮಾರನೆಯ ದಿನ ಹೊಯ್ದಳು. ಒಂದು ಸಸಿ ಹೋಯಿತು, ಎರಡು ಉಳಿದವು. ಎರಡು ತಿಂಗಳಿಗೆ ನೇರಳೆ ಹೂ, ಆಮೇಲೆ ಗುಂಡು ಕಾಯಿ. ಮೊದಲ ಕೊಯ್ಲಿನ ಎಣ್ಣೆಗಾಯನ್ನು ಶಿವನಂಜಮ್ಮ ಎರಡು ಸಲ ಹಾಕಿಸಿಕೊಂಡು ತಿಂದು, "ಉಪ್ಪು ಒಂಚೂರು ಮುಂದಾಗಿದೆ" ಎಂದರಂತೆ. ಕೇಳಿ ನನ್ನ ಮೈಯೆಲ್ಲ ಉರಿಯಿತು.

ಈಗ ನನಗೆ ವಯಸ್ಸಾಗಿದೆ. ನಾಲ್ಕು ಬೇಸಿಗೆಯ ಬಿಸಿಲಿಗೆ ಅಂಚು ಸೀಳಿದೆ, ಹಿಡಿ ತುಕ್ಕು ತಿಂದಿದೆ. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತೇನೆಂದು ಮಂಗಳಾ ನನ್ನನ್ನು ಜರುಗಿಸದೆ ಮೂಲೆಯಲ್ಲಿ ಬಿಟ್ಟು, ಬಸಳೆ ಹಬ್ಬಿಸಿದ್ದಾಳೆ. ಸುತ್ತ ಹನ್ನೊಂದು ಹಳೆಯ ಡಬ್ಬ, ಚೀಲಗಳಲ್ಲಿ ಗಿಡಗಳಿವೆ. ಇಷ್ಟು ಬದುಕಿದ ಮೇಲೆ ನನಗನ್ನಿಸುವುದು ಇಷ್ಟೇ: ಮನುಷ್ಯರು ಎದುರಿಗಿರುವ ತಳವನ್ನು ಮಗುಚಿ ನೋಡುವ ಬದಲು ಆರು ವರ್ಷ ಇನ್ನೊಬ್ಬರ ಕೈಯನ್ನು ದೂರಬಲ್ಲರು.

ಮೊನ್ನೆ ಕೆಳಮನೆಗೆ ಹೊಸದಾಗಿ ಬಂದ ಕಾತ್ಯಾಯಿನಿ ಎಂಬ ಹುಡುಗಿ ಒಂದು ಎಣ್ಣೆ ಡಬ್ಬ ಎತ್ತಿಕೊಂಡು ಮೇಲೆ ಬಂದಳು. ಒಳಗೆ ಸತ್ತ ಟೊಮ್ಯಾಟೊ ಸಸಿ. ಅವಳ ಕಣ್ಣಲ್ಲಿ ನೀರು. "ನನ್ನ ಕೈಗುಣಾನೇ ಸರಿಯಿಲ್ಲ ಅಜ್ಜಿ" ಎಂದಳು.

ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದ ಶಿವನಂಜಮ್ಮ ಸಿಡುಕಿದರು. "ಕೈಗುಣ ಅಂತೆ, ಕೈಗುಣ! ಯಾವ ಮೂದೇವಿ ಹೇಳಿದ್ದು ನಿಂಗೆ? ಗಿಡಕ್ಕೆ ಕೈಗುಣಾನೂ ಇಲ್ಲ, ಕಾಲ್ಗುಣಾನೂ ಇಲ್ಲ. ಡಬ್ಬದ ತಳ ತಿರುಗಿಸಿ ನೋಡು."

ಹಗ್ಗದ ಮೇಲೆ ಒದ್ದೆ ಸೀರೆ ಹರವುತ್ತಿದ್ದ ಮಂಗಳಾ ಅದರ ಹಿಂದೆಯೇ ನಿಂತುಬಿಟ್ಟಳು. ಕೆಳಗಿಂದ ನನಗೆ ಕಂಡದ್ದು ಅವಳ ಪಾದ ಮಾತ್ರ. ಅದರ ಮೇಲೆ ಟಪಟಪ ನೀರು ಬೀಳುತ್ತಿತ್ತು, ಎಲ್ಲವೂ ಸೀರೆಯದಲ್ಲ. ಶಿವನಂಜಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಆ ಒಂದು ಮಾತನ್ನು ಸೊಸೆಯ ಮುಖ ನೋಡಿ ಹೇಳಿದ್ದರೆ ಮುದುಕಿಯ ಗಂಟೇನು ಹೋಗುತ್ತಿತ್ತು?